ಜಯತ್ತೆ ಗೆಡ್ಡೆ ಕಿತ್ತ ವರ್ಷ

ಬಿಡದಿ ಸುತ್ತಿನ ಹೊಲಗಳು ಒಂದೊಂದಾಗಿ ಕಾರ್ಖಾನೆಗಳ ತಂತಿಬೇಲಿಯೊಳಗೆ ಸೇರುತ್ತಿದ್ದ ಕಾಲ ಅದು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆಗ ನಮ್ಮ ಕಡೆ ಊರೂರಿಗೂ ಒಬ್ಬೊಬ್ಬರು ಇದ್ದಕ್ಕಿದ್ದಂತೆ ದೊಡ್ಡ ಮನುಷ್ಯರಾದರು. ನಮ್ಮ ಮನೆಯಲ್ಲಿ ಆ ಯೋಗ ಒದಗಿದ್ದು ದೊಡ್ಡಪ್ಪನಿಗೆ. ರಾಗಿಹೊಲ ಹೋದದ್ದೇ ತಡ, ಅವನು ಕಾರ್ಖಾನೆಗೆ ಆಳು ಕಳಿಸುವ ಕಂಟ್ರಾಕ್ಟರ್ ಆದ. ಬಿಳಿ ಪ್ಯಾಂಟು ಬಂತು, ಕೂಲಿಂಗ್ ಗ್ಲಾಸು ಬಂತು. ಮುದ್ದೆ ನುಂಗುವಾಗಲೂ ಆ ಕನ್ನಡಕ ತೆಗೆಯುತ್ತಿರಲಿಲ್ಲ. ಫೋನು ಬಾರದಿದ್ದರೂ ಮೊಬೈಲನ್ನು ಕಿವಿಗೆ ಹಿಡಿದು ಬೀದಿಯುದ್ದಕ್ಕೂ "ಯೆಸ್ ಸಾರ್, ಯೆಸ್ ಸಾರ್" ಎನ್ನುತ್ತಾ ನಡೆಯುತ್ತಿದ್ದ. ಅವನು ಮಾತಾಡುತ್ತಿದ್ದಾಗಲೇ ಒಮ್ಮೆ ಅದು ರಿಂಗಾಯಿತು. ನಾವು ಮಕ್ಕಳು ನಗಾಡಿದ್ದಕ್ಕೆ ಒದೆ ಬಿತ್ತು.

ಅವನ ತಂಗಿ ಜಯತ್ತೆ ಗಂಡ ತೀರಿಹೋದ ಮೇಲೆ ತವರಿಗೆ ಬಂದು ನಮ್ಮ ಜೊತೆಗೇ ಇದ್ದಳು. ಮನೆಕೆಲಸ ಮುಗಿಸಿ ಹೊಲಿಗೆ ಮಿಷನ್ ತುಳಿಯುವಳು. ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಒಬ್ಬಾಕೆಗೆ ರವಿಕೆ ಹೊಲಿದುಕೊಡುತ್ತಿದ್ದಳು. ಆಕೆ ವರ್ಗವಾಗಿ ಹೋಗುವಾಗ ಡೇಲಿಯಾ ಗೆಡ್ಡೆಗಳನ್ನು ಇವಳ ಮಡಿಲಿಗೆ ಸುರಿದು ಹೋಗಿದ್ದರು. ಮಹಾಲಯ ಅಮಾವಾಸ್ಯೆ ಕಳೆದು ಮಳೆ ಹಿಂದೆ ಸರಿದಾಗ ಜಯತ್ತೆ ಅವನ್ನು ಅಂಗಳದ ಅಂಚಿನುದ್ದಕ್ಕೂ ಸಾಲಾಗಿ ನೆಡುತ್ತಿದ್ದಳು. ಉಳಿದವು ಎಣ್ಣೆ ಡಬ್ಬಗಳಿಗೆ. ರೇಷ್ಮೆಹುಳದ ಹಿಕ್ಕೆಯೇ ಗೊಬ್ಬರ, ಹಿಪ್ಪುನೇರಳೆ ಕಡ್ಡಿಯೇ ಊರುಗೋಲು. ಕುಡಿ ಚಿವುಟುವುದು, ಪಕ್ಕದ ಸಣ್ಣ ಮೊಗ್ಗು ಮುರಿದು ನಡುವಿನದೊಂದನ್ನೇ ಉಳಿಸುವುದು ನನ್ನ ಕೆಲಸ. ಬೆರಳಿಗೆ ಅಂಟಿದ ಆ ಕಹಿ ಹಸಿರು ವಾಸನೆ ಕೈ ತೊಳೆದರೂ ಹೋಗದೆ ಅವರೆಕಾಳು ಸಾರಿನ ಸೊಗಡಿನ ಜೊತೆ ಸೇರಿಕೊಳ್ಳುತ್ತಿತ್ತು. ಉದುರಿದ ದಳಗಳನ್ನು ಎಂಜಲು ಹಚ್ಚಿ ಉಗುರಿಗೆ ಅಂಟಿಸಿಕೊಂಡು ನಾನು ರಾಕ್ಷಸಿಯಾಗುತ್ತಿದ್ದೆ.

ಊರಿನವರಿಗೆ ಆ ಹೂವೆಂದರೆ ತಾತ್ಸಾರ. "ಮುಡಿಯಾಕಿಲ್ಲ, ದೇವ್ರಿಗಿಲ್ಲ, ಘಮ ಅಂತೂ ಮೊದ್ಲೇ ಇಲ್ಲ. ಯಾಕಮ್ಮಿ ಬೇಕು ಇದು?" ಎಂದು ಮೂಗು ಮುರಿಯುತ್ತಿದ್ದರು. ದೊಡ್ಡಪ್ಪನಂತೂ ಆ ಸಾಲಿನ ಮೇಲೆಯೇ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದ.

ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಹೂವು ಊಟದ ತಟ್ಟೆಯಗಲ ಬಿಟ್ಟಿತು. ಕಡುಗೆಂಪು, ನೇರಳೆ, ಬಿಳಿಯ ತುದಿಯ ಹಳದಿ. ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡತೊಡಗಿದರು. ಆಗ ದೊಡ್ಡಪ್ಪನಿಗೆ ಜ್ಞಾನೋದಯವಾಯಿತು. ಒಂದು ಕಾರ್ಖಾನೆಯ ಗೇಟಿನ ಮುಂದೆ ಹೂದೋಟ ಮಾಡಿಸುವ ಮಾತು ನಡೆದಿತ್ತು. "ನಮ್ದೇ ನರ್ಸರಿ ಐತೆ ಸಾರ್" ಎಂದುಬಿಟ್ಟ. ಮುಂದಿನ ಭಾನುವಾರವೇ ಆಫೀಸರು ಹೆಂಡತಿಯೊಂದಿಗೆ ನೋಡಲು ಬಂದರು.

ಗಂಡ ಹೆಂಡತಿ ಇಬ್ಬರೂ ಸಂಭಾವಿತರು. ಆಕೆ ಪ್ರತಿ ಗಿಡದ ಮುಂದೂ ಬಗ್ಗಿ ನಿಂತು ನೋಡಿ, "ಇಷ್ಟು ದೊಡ್ಡ ಹೂವು ಹೇಗೆ ಬಿಡಿಸ್ತೀರಿ?" ಎಂದು ಕೇಳಿದರು.

ಹಿಂದಿನ ದಿನದವರೆಗೂ ಆ ಗಿಡದ ಹೆಸರು ಗೊತ್ತಿಲ್ಲದಿದ್ದ ದೊಡ್ಡಪ್ಪ ಎದೆ ಸೆಟೆಸಿದ. "ಫಾರಿನ್ ಔಷ್ದಿ ಮೇಡಂ. ಬಾಂಬೆಯಿಂದ ತರುಸ್ತೀನಿ. ಹೂವಿಗೆ ಹೊಡುದ್ರೆ ಉಬ್ಬುತ್ತೆ."

ಅಷ್ಟರಲ್ಲಿ ಜಯತ್ತೆ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಳು. ಬೆಳಿಗ್ಗೆ ಪಾತಿ ಕೆದಕಿದ್ದರಿಂದ ಉಗುರಲ್ಲಿ ಮಣ್ಣಿತ್ತು. ಆಫೀಸರ ಹೆಂಡತಿ ಅದನ್ನು ಗಮನಿಸಿ ನಕ್ಕು, "ಇವರೇನಾ ತೋಟ ನೋಡ್ಕೊಳ್ಳೋದು?" ಎಂದರು.

"ಹ್ಞೂಂ ಮೇಡಂ, ಕೆಲಸದವ್ಳು. ನಾನು ಹೇಳ್ಕೊಟ್ಟಂಗೆ ಮಾಡ್ತಾಳೆ."

ಅಂಗಳದಲ್ಲಿ ನಾವೆಲ್ಲರೂ ಇದ್ದೆವು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. ಅಮ್ಮ ಬಾಗಿಲ ಮರೆಗೆ ಸರಿದಳು. ಅಪ್ಪ ಹೊಸ ಗೇಟಿನ ಚಿಲಕವನ್ನು ಅದೇ ಮೊದಲ ಸಲ ಕಂಡವನಂತೆ ನೋಡತೊಡಗಿದ. ಆಫೀಸರ ಹೆಂಡತಿ ಮೆಚ್ಚುಗೆಯಿಂದಲೇ ಪರ್ಸ್ ತೆಗೆದು ಜಯತ್ತೆಯ ಕೈಗೆ ಏನೋ ಇಡಲು ಹೋದರು.

ಜಯತ್ತೆ ತಟ್ಟೆಯನ್ನು ಜಗಲಿಯ ಮೇಲಿಟ್ಟು ಕೈ ಮುಗಿದಳು. "ಬ್ಯಾಡಿ ಕಣವ್ವ. ನಾನು ಇವ್ರ ಒಡಹುಟ್ಟಿದ ತಂಗಿ."

ದೊಡ್ಡಪ್ಪ ಅಲ್ಲಿಗೆ ಬಾಯಿ ಮುಚ್ಚಿದ್ದರೂ ಸಾಕಿತ್ತು. ಅವನು ಹೋಹೋ ಎಂದು ನಕ್ಕ. "ತಮಾಸೆ ಮಾಡ್ತಾಳೆ ಮೇಡಂ. ಸಲುಗೆ ಕೊಟ್ಟಿದೀವಲ್ಲ, ಅದುಕ್ಕೆ."

"ಅವ್ಳು ನಮ್ಮತ್ತೆ!" ಎಂದು ನಾನು ಕಿರುಚಿದೆ. ಅಪ್ಪ ಚಿಲಕ ಬಿಟ್ಟು ಬಂದು ನನ್ನ ತೋಳನ್ನು ಹಿಂಡಿ ಒಳಗೆ ದಬ್ಬಿದ. ಅಣ್ಣನ ಮುಂದೆ ಎಂದೂ ಉಸಿರೆತ್ತದ ಅಪ್ಪನ ಧೈರ್ಯವೆಲ್ಲ ನನ್ನ ತೋಳಿನ ಮೇಲೆಯೇ. ಬಂದವರು ಮುಜುಗರದಿಂದ ಕಾಫಿ ಅರ್ಧಕ್ಕೇ ಬಿಟ್ಟು ಕಾರು ಹತ್ತಿದರು.

ಸಂಜೆ ಒಲೆಯ ಮುಂದೆ ಅಮ್ಮ ಸಮಾಧಾನ ಹೇಳಿದಳು. "ಹೋಗ್ಲಿ ಬುಡು ಜಯಾ. ಏನೋ ಬಾಯಿ ತಪ್ಪಿ ಅಂದ್ಬುಟ್ರು."

"ಮೊದ್ಲು ಅಂದಿದ್ದು ಬಾಯಿ ತಪ್ಪಿ ಅಂದ್ಕೊತೀನಿ ಅತ್ತಿಗೆ. ಆಮೇಲೆ ಅಂದಿದ್ದು?"

ಅಮ್ಮ ಮುದ್ದೆ ತಿರುವುವುದರಲ್ಲಿ ಮಗ್ನಳಾದಳು. ನಮ್ಮ ಮನೆಯಲ್ಲಿ ಕಷ್ಟದ ಪ್ರಶ್ನೆ ಬಂದಾಗಲೆಲ್ಲ ಎಲ್ಲರಿಗೂ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಮರುದಿನ ಗಿಡಗಳ ಹತ್ತಿರ ನಾನು ಪಿಸುಮಾತಿನಲ್ಲಿ ಕೇಳಿದೆ. "ಅತ್ತೆ, ನೀನು ಹೊಂಟೋಯ್ತೀಯಾ?"

"ಹೋಯ್ತೀನಿ. ಗೆಡ್ಡೆ ಬಲೀಲಿ ತಡಿ ಮಗಾ. ಈಗ ಕಿತ್ರೆ ನೀರಾಗಿ ಕೊಳ್ತೋಯ್ತವೆ."

ನಾನು ಯಾರಿಗೂ ಹೇಳಲಿಲ್ಲ. ಜಯತ್ತೆ ಎಂದಿನಂತೆ ಅಡಿಗೆ ಮಾಡಿದಳು, ಬಡಿಸಿದಳು, ಬಾಡಿದ ಹೂ ಕತ್ತರಿಸಿದಳು. ಅಣ್ಣನ ಜೊತೆ ಮಾತ್ರ ಒಂದು ಮಾತೂ ಆಡಲಿಲ್ಲ. ಹೂದೋಟದ ಕಂಟ್ರಾಕ್ಟು ಹೇಗೋ ದೊಡ್ಡಪ್ಪನಿಗೇ ಸಿಕ್ಕಿತು. ಅರಳಿಕಟ್ಟೆಯಲ್ಲಿ ಕೂತು, "ಎಲ್ಲಿಗೋದಾಳ್ಲಾ? ಹೆಂಗಸ್ರ ಕೋಪ, ಉಂಡ್ರೆ ಇಳೀತದೆ" ಎಂದು ಬೀಗಿದ. ಗಿಡ ನೋಡಿದರೆ ಕೀಳುವ ದಿನ ಯಾವುದೆಂದು ನನಗೇ ತಿಳಿಯುತ್ತಿತ್ತು. ನರ್ಸರಿಯ ಮಾಲೀಕನಿಗೆ ತಿಳಿಯಲಿಲ್ಲ.

ಶಿವರಾತ್ರಿ ಕಳೆಯಿತು. ಎಲೆ ಹಳದಿಯಾಗಿ, ಕಾಂಡ ಒಣಗಿ ಟೊಳ್ಳಾಯಿತು. ಒಂದು ಬೆಳಿಗ್ಗೆ ಜಯತ್ತೆ ಹಾರೆ ಹಿಡಿದು ಸಾಲಿನ ತುದಿಯಿಂದ ಶುರುಮಾಡಿದಳು. ಬುಡದಿಂದ ದೂರಕ್ಕೆ ಹಾರೆ ಹಾಕಿ ಮೀಟಿದಾಗ ಗೆಡ್ಡೆಗಳು ಗೊಂಚಲಾಗಿ ಮೇಲೆದ್ದವು. ನಾನು ಮಣ್ಣು ಕೊಡವಿ, ಕುತ್ತಿಗೆ ಮುರಿಯದಂತೆ ಗೋಣಿಯ ಮೇಲೆ ಹರವಿದೆ. ಕುತ್ತಿಗೆಯಲ್ಲೇ ಕಣ್ಣಿರುವುದು, ಅದು ಮುರಿದರೆ ಗೆಡ್ಡೆ ಎಷ್ಟೇ ದಪ್ಪವಿದ್ದರೂ ಚಿಗುರುವುದಿಲ್ಲ.

ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹೊರಬಂದ ದೊಡ್ಡಪ್ಪ ಬೆಚ್ಚಿಬಿದ್ದ. "ಏಯ್ ಜಯಾ, ಯಾಕ್ ಕೀಳ್ತಿದೀಯಾ? ಗೇಟ್ ತಾವ ನೆಡ್ಬೇಕು ಅವು!"

"ಬಾಂಬೆಯಿಂದ ತರುಸ್ಕೊ."

"ಒಸಿ ಆದ್ರೂ ಬುಟ್ಟೋಗು. ನಾನು ಮಾತು ಕೊಟ್ಟಿವ್ನಿ."

"ಅಣ್ಣಯ್ಯ," ಎಂದು ಅವಳು ಹಾರೆಯ ಮೇಲೆ ಕೈಯೂರಿ ನಿಂತಳು. ಎಷ್ಟೋ ವಾರಗಳ ಮೇಲೆ ಅವನನ್ನು ಕರೆದದ್ದು. "ಆ ತಾಯಿ ಮುಂದೆ ಇವ್ಳು ನನ್ ತಂಗಿ ಅಂತ ಒಂದ್ ಮಾತು ಅಂದಿದ್ರೆ, ಗೆಡ್ಡೆ ಏನು, ನಾನೇ ಬಂದು ಗೇಟ್ ತಾವ ಪಾತಿ ಮಾಡ್ಕೊಡ್ತಿದ್ದೆ."

ಅವನ ಗಲ್ಲದ ಮೇಲೆ ಪೇಸ್ಟಿನ ನೊರೆ ಇಳಿಯುತ್ತಿತ್ತು. ಒರೆಸಿಕೊಳ್ಳಲೂ ತೋಚದೆ ನಿಂತಿದ್ದ ಅವನನ್ನು ನೋಡಿ ನನಗೆ ಹೇಸಿಗೆಯಾಯಿತು.

ಜಯತ್ತೆ ಚನ್ನಪಟ್ಟಣಕ್ಕೆ ಹೋದಳು. ಬೊಂಬೆ ಮಾಡುವ ಒಂದು ಮನೆಯ ಹಿತ್ತಿಲಲ್ಲಿ ಕೋಣೆ ಹಿಡಿದು ಮಿಷನ್ ಹಾಕಿಕೊಂಡಳು. ಬೊಂಬೆ ಕಡೆದ ಮರದ ಹೊಟ್ಟಿನೊಳಗೆ ಗೆಡ್ಡೆಗಳನ್ನು ಬೇಸಿಗೆಯಿಡೀ ಮಲಗಿಸಿ, ಮಳೆ ಕಳೆದ ಮೇಲೆ ಕಾಂಪೌಂಡಿನುದ್ದಕ್ಕೂ ನೆಟ್ಟಳು. ಹೆದ್ದಾರಿಯ ಹೋಟೆಲುಗಳವರು ಮೇಜಿನ ಮೇಲಿಡಲು ಹೂ ಕೊಳ್ಳುತ್ತಿದ್ದರು. ಅಮ್ಮ ಒಮ್ಮೆ ಕದ್ದುಮುಚ್ಚಿ ನನ್ನನ್ನು ಕರೆದುಕೊಂಡು ಹೋಗಿದ್ದಳು. ಬೊಂಬೆಗೆ ಬಳಿಯುವ ಅರಗಿನ ವಾಸನೆಯ ಆ ಕೋಣೆಯಲ್ಲಿ ಜಯತ್ತೆ ನಮಗೆ ಉಪ್ಪಿಟ್ಟು ಮಾಡಿಕೊಟ್ಟಳು. ಅಮ್ಮ ಅತ್ತಳು, ಅವಳು ಅಳಲಿಲ್ಲ.

ಇತ್ತ ದೊಡ್ಡಪ್ಪ ಎಲ್ಲಿಂದಲೋ ಡೇಲಿಯಾ ತಂದು, ದಿನಕ್ಕೆರಡು ಸಲ ಪೈಪಿನಲ್ಲಿ ನೀರು ಬಿಟ್ಟು ಕೊಳೆಸಿದ. ಕೊನೆಗೆ ಗೇಟಿನ ಮುಂದೆ ಕ್ರೋಟನ್ ನೆಟ್ಟು, ಕಲ್ಲುಗಳಿಗೆ ಸುಣ್ಣ ಬಳಿದು ಹೂದೋಟವೆಂದ. ಈಗ ನಮ್ಮ ಅಂಗಳಕ್ಕೆ ಸಿಮೆಂಟಿನ ಟೈಲ್ಸ್ ಹಾಸಿದೆ. ಮುದುಕನಾದ ದೊಡ್ಡಪ್ಪ ಬಂದವರಿಗೆ, "ಇಲ್ಲಿ ನಮ್ ತಂಗಿ ಎಂಥಾ ಹೂ ಬೆಳೀತಿದ್ಲು ಗೊತ್ತಾ" ಎಂದು ಹೇಳುತ್ತಾನೆ. ತಂಗಿ ಎಂಬ ಮಾತು ಈಗ ಅವನ ಬಾಯಲ್ಲಿ ಸಲೀಸಾಗಿ ಬರುತ್ತದೆ. ನಾನು ಎದ್ದು ಒಳಗೆ ಹೋಗುತ್ತೇನೆ.

ಅವನ ಮಗಳ ಮದುವೆಗೆ ಜಯತ್ತೆ ಬಂದಿದ್ದಳು. ಹುಡುಗಿಗೆ ಅಕ್ಷತೆ ಹಾಕಿ, ಊಟದ ಸಾಲಿನ ಕೊನೆಯಲ್ಲಿ ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಆಚೆ ಕೂತಿದ್ದ ಹೆಂಗಸು ಅವಳನ್ನು ಕೇಳಿದಳು. "ಹೆಣ್ಣಿನ ಕಡೆಯವ್ರಾ, ಗಂಡಿನ ಕಡೆಯವ್ರಾ?"

"ಯಾರ ಕಡೆನೂ ಅಲ್ಲ ಕಣವ್ವ," ಎಂದಳು ಜಯತ್ತೆ, ಎಲೆಗೆ ನೀರು ಚಿಮುಕಿಸುತ್ತಾ. "ನಾನು ಚನ್ನಪಟ್ಟಣದೋಳು."