ಎಡಗಡೆಯ ಕತ್ತಲು

2004ರಲ್ಲಿ ನನ್ನ ಅಂಗಡಿ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿತ್ತು. ಅಂಗಡಿ ಎಂದರೆ ಒಂದು ತಗಡಿನ ಶೆಡ್ಡು, ಒಂದು ಬ್ಯಾಟರಿ ಚಾರ್ಜರ್, ಇಪ್ಪತ್ತೈದು ಅಡಿ ದೂರದಲ್ಲಿ ಸುಣ್ಣ ಬಳಿದ ಗೋಡೆ. ನಾನು ಆಟೊ ಎಲೆಕ್ಟ್ರಿಷಿಯನ್. ಎಂಜಿನ್ ಮುಟ್ಟುವವನಲ್ಲ, ಹೆಡ್‌ಲೈಟು, ಹಾರ್ನು, ಸೆಲ್ಫು, ವೈರಿಂಗು, ಇವಿಷ್ಟೇ ನನ್ನ ರಾಜ್ಯ. ಆ ರಾಜ್ಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬ ಆಗ ನನಗಿತ್ತು. ಅದು ಇಳಿದದ್ದು ಹೇಗೆಂದು ಹೇಳುತ್ತೇನೆ.

ಸಂಡೂರಿನ ಗುಡ್ಡಗಳಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ಕಾಲ. ರಸ್ತೆ ಬದಿಯ ಬೇವಿನೆಲೆ ಕೆಂಪು, ಒಣಗಹಾಕಿದ ಪಂಚೆ ಕೆಂಪು, ಗಾಡಿಗಳ ಲೈಟಿನ ಗಾಜೂ ಕೆಂಪು. ‘ಲೈಟ್ ಕಮ್ಮಿ’ ಎಂದು ದಿನಕ್ಕೆ ನಾಲ್ಕು ಜನರಾದರೂ ಬರುತ್ತಿದ್ದರು. ಹಾಗಾಗಿ ಗಾದಿಲಿಂಗಪ್ಪ ಬಂದು ಅದೇ ಮಾತು ಹೇಳಿದಾಗ ನನಗೆ ವಿಶೇಷವೇನೂ ಅನ್ನಿಸಲಿಲ್ಲ.

ಗಾದಿಲಿಂಗಪ್ಪನಿಗೆ ಆಗ ನಲವತ್ತೆರಡು ವರ್ಷ. ಊರು ಕಂಪ್ಲಿ, ಮನೆ ಕಮಲಾಪುರದಲ್ಲಿ. 1994ರ ಒಂದು ಡೀಸೆಲ್ ಅಂಬಾಸಿಡರ್ ಇಟ್ಟುಕೊಂಡು ಮೊದಲು ಪ್ರವಾಸಿಗರನ್ನು ಹಂಪಿ ಬಜಾರಿಗೆ ಬಿಡುತ್ತಿದ್ದ. ಗಣಿಗಳು ಜೋರಾದ ಮೇಲೆ ಒಂದು ಗಣಿಯ ಎಂಜಿನಿಯರುಗಳನ್ನು ಬೆಳಕು ಹರಿಯುವ ಮೊದಲೇ ಹೊಸಪೇಟೆಯಿಂದ ಸಂಡೂರಿಗೆ ಒಯ್ಯುವ ಕಾಯಂ ಬಾಡಿಗೆ ಸಿಕ್ಕಿತ್ತು. ಮನೆ ನಡೆಯುತ್ತಿದ್ದದ್ದೇ ಆ ಗಾಡಿಯಿಂದ. ದಿನಾ ಒದ್ದೆ ಬಟ್ಟೆಯಿಂದ ಒರೆಸಿ ಹೊಳೆಯುವಂತೆ ಇಟ್ಟಿರುತ್ತಿದ್ದ.

“ಮೇಸ್ತ್ರೀ, ರೋಡೇ ಕಾಣವಲ್ದು ನೋಡ್ರಿ. ಏನರ ಮಾಡಿಕೊಡ್ರಿ,” ಎಂದ.

ಹಳೆಯ ಕಾರಿನಲ್ಲಿ 45/40 ವಾಟಿನ ಹಳದಿ ಬಲ್ಬುಗಳಿದ್ದವು. ಮೊದಲ ಅಂಕಿ ದೂರದ ಬೆಳಕಿನದು, ಎರಡನೆಯದು ಹತ್ತಿರದ್ದು. ಅವನ್ನು ತೆಗೆದು 60/55ರ ಹ್ಯಾಲೋಜನ್ ಹಾಕಿದೆ. ಮರುವರ್ಷ ಮತ್ತೆ ಬಂದ. ಮೀಟರ್ ಹಿಡಿದು ನೋಡಿದರೆ ಬ್ಯಾಟರಿಯಿಂದ ಹೊರಟ ಕರೆಂಟು ಸ್ವಿಚ್ಚು ಸುತ್ತಿ ಬಲ್ಬಿಗೆ ಬರುವಷ್ಟರಲ್ಲಿ ಎರಡು ವೋಲ್ಟ್ ಸೋರಿಹೋಗುತ್ತಿತ್ತು. ನನಗೆ ಖುಷಿಯೋ ಖುಷಿ, ತಪ್ಪು ಸಿಕ್ಕಿತಲ್ಲ ಎಂದು. ದಪ್ಪ ವೈರು ಎಳೆದು, ಬ್ಯಾಟರಿಯಿಂದ ಬಲ್ಬಿಗೆ ನೇರವಾಗಿ ಕರೆಂಟು ಕೊಡುವ ರಿಲೇ ಕೂರಿಸಿ, 100/90ರ ಬಲ್ಬು ಹಾಕಿದೆ. ಗೋಡೆಯ ಮೇಲೆ ಬೆಳಕು ಬಿದ್ದಾಗ ಸುಣ್ಣದ ಬಿರುಕೂ ಎಣಿಸುವ ಹಾಗಿತ್ತು.

2006ರಲ್ಲಿ ಮೂರನೆಯ ಸಲ ಬಂದ. “ಎದುರಿನ ಲಾರಿಯವ್ರು ಕಣ್ಣು ಕುಕ್ತಾವು ಅಂತ ಬೈತಾರ. ಅವರಿಗೆಲ್ಲಾ ಕಾಣ್ತೈತಿ, ನನಗ ಒಬ್ಬನಿಗೇ ಕಾಣವಲ್ದು,” ಎಂದು ನಕ್ಕ. ನಾನೂ ನಕ್ಕೆ.

ಬೆಳಗಿನ ಮಂಜು, ಅದಿರಿನ ಧೂಳು ಎರಡಕ್ಕೂ ಆಗಲಿ ಎಂದು ಬಂಪರಿನ ಕೆಳಗೆ ಹಳದಿ ಗಾಜಿನ ಎರಡು ಫಾಗ್ ಲೈಟು ಕಟ್ಟಿದೆ. ಹದಿನೈದು ದಿನಕ್ಕೇ ಎಡಗಡೆಯ ಫಾಗ್ ಲೈಟು ಪುಡಿಪುಡಿ. ಬೇರೆ ಹಾಕಿದೆ. ಎಡಗಡೆಯ ಇಂಡಿಕೇಟರ್ ಗಾಜು ಅಷ್ಟರಲ್ಲಿ ಮೂರು ಸಲ ಬದಲಾಗಿತ್ತು. ಎಡ ಬಾಗಿಲ ತುಂಬ ಗೀರು. “ಎಡಗಡೆ ಮ್ಯಾಲ ಏನರ ಸಿಟ್ಟೈತೇನ್ರೀ ನಿಮಗ?” ಎಂದು ನಾನೇ ರೇಗಿಸಿದೆ.

ಆ ಸಂಜೆ ಅವನನ್ನು ಸೀಟಿನಲ್ಲಿ ಕೂರಿಸಿ, ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು, ಬೆಳಕಿನ ಮಟ್ಟ ಹೊಂದಿಸಿದೆ.

“ಎಡಕ್ಕ ಕತ್ತಲ ಐತ್ರಿ,” ಎಂದ.

ನನಗೇನೋ ಎರಡೂ ಸಮವಾಗಿ ಕಾಣುತ್ತಿದ್ದವು. ಆದರೂ ಎಡದ ಬಲ್ಬು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದೆ.

“ಈಗ?”

“ಈಗೂ ಎಡಕ್ಕ ಕತ್ತಲ.”

ನಮ್ಮ ಕಸುಬಿನ ಮೊದಲ ಪಾಠ ಇದು: ಸಂಶಯ ಬಂದ ಬಲ್ಬನ್ನು ಜಾಗ ಬದಲಿಸಿ ನೋಡು. ತೊಂದರೆ ಬಲ್ಬಿನ ಜೊತೆ ಹೋದರೆ ಬಲ್ಬು ಕೆಟ್ಟಿದೆ. ಇದ್ದಲ್ಲೇ ಉಳಿದರೆ ತಪ್ಪು ಬೇರೆ ಕಡೆ ಇದೆ. ಈ ಪಾಠ ನಾನು ಎಷ್ಟು ಜನರಿಗೆ ಹೇಳಿಕೊಟ್ಟಿದ್ದೇನೋ. ಆ ಸಂಜೆ ತಪ್ಪು ಬೇರೆ ಕಡೆ ಇದೆ ಎಂದು ನನ್ನ ಕೈಯೇ ತೋರಿಸಿತು. ನಾನು ವೈರು ನೋಡಿದೆ, ಅರ್ತಿಂಗ್ ನೋಡಿದೆ, ಹೋಲ್ಡರ್ ಉಜ್ಜಿದೆ, ಎರಡೂ ಕಡೆ ಹದಿಮೂರೂವರೆ ವೋಲ್ಟ್ ಬರುವುದನ್ನು ನೋಡಿದೆ. ಸೀಟಿನಲ್ಲಿ ಕೂತ ಮನುಷ್ಯನನ್ನು ಮಾತ್ರ ನೋಡಲಿಲ್ಲ. “ಗೋಡಿ ಆ ಕಡೆ ಸ್ವಲ್ಪ ಮಾಸೈತ್ರಿ, ಅದಕ್ಕ ಹಂಗ ಕಾಣ್ತೈತಿ,” ಎಂದು ಕಳಿಸಿಬಿಟ್ಟೆ.

ಮುಂದಿನ ವರ್ಷ ಕಬ್ಬಿನ ಹಂಗಾಮಿನಲ್ಲಿ ಒಂದು ಮುಂಜಾನೆ, ಕಮಲಾಪುರದಿಂದ ಒಬ್ಬನೇ ಬರುತ್ತಿದ್ದಾಗ, ರಸ್ತೆಯ ಎಡಕ್ಕೆ ಹೋಗುತ್ತಿದ್ದ ಕಬ್ಬಿನ ಗಾಡಿಗೆ ಅವನ ಕಾರು ಹಿಂದಿನಿಂದ ಹೊಡೆಯಿತು. ಗಾಡಿಯವನು ಹಾರಿಕೊಂಡು ಉಳಿದ. ಒಂದು ಎತ್ತಿನ ಕಾಲು ಮುರಿಯಿತು. ಗಾದಿಲಿಂಗಪ್ಪನ ಹಣೆಗೆ ಆರು ಹೊಲಿಗೆ. ಕಾರನ್ನು ಹಗ್ಗ ಕಟ್ಟಿ ನನ್ನ ಶೆಡ್ಡಿಗೇ ಎಳೆದು ತಂದರು. ಸ್ವಿಚ್ಚು ಒತ್ತಿದರೆ ಬಲಗಡೆಯ ದೀಪಗಳು ಝಗ್ಗೆಂದು ಹತ್ತಿದವು. ನಜ್ಜುಗುಜ್ಜಾದ ಎಡಗಡೆಯ ವೈರಿನಲ್ಲೂ ಪೂರ್ತಿ ವೋಲ್ಟೇಜ್ ಇತ್ತು.

ಹಿಂದೆಯೇ ಅವನ ಹೆಂಡತಿ ಹುಲಿಗೆಮ್ಮ ಆಟೋದಲ್ಲಿ ಬಂದಳು. “ಅಣ್ಣಾ, ನೀವಾ ಖರೇ ಹೇಳ್ರಿ. ಲೈಟ್ ಹತ್ತಿದ್ವೋ ಇಲ್ಲೋ? ಮನಿಯಷ್ಟು ದೊಡ್ಡ ಕಬ್ಬಿನ ಗಾಡಿ ಕಾಣಲಿಲ್ಲಂತಾರ ಅವರು.”

ನಾನು ಮತ್ತೊಮ್ಮೆ ಸ್ವಿಚ್ಚು ಒತ್ತಿ, ಹತ್ತಿದ ದೀಪಗಳನ್ನು ತೋರಿಸಿದೆ. ಆಗಷ್ಟೇ ನನಗೆ ಆ ಸಂಜೆಯ ಗೋಡೆ ನೆನಪಾಯಿತು.

ಮೂರನೆಯ ದಿನ ಅವನನ್ನು ಊರಿನ ಕಣ್ಣಿನ ವೈದ್ಯರೊಬ್ಬರ ಬಳಿಗೆ ನಾನೇ ಕರೆದುಕೊಂಡು ಹೋದೆ. ಗೋಡೆಯ ಮೇಲಿನ ಅಕ್ಷರಗಳನ್ನು ಬಲಗಣ್ಣಿನಿಂದ ಬಹುಪಾಲು ಓದಿದ. ನನಗೆ ಜೀವ ಬಂದಂತಾಯಿತು. ಆಮೇಲೆ ವೈದ್ಯರು ಎದುರು ಕೂತು, “ನನ್ನ ಮೂಗನ್ನೇ ನೋಡ್ತಾ ಇರಿ. ಬೆರಳು ಕಂಡ ಕೂಡಲೇ ಹೇಳಿ,” ಎಂದು ಪಕ್ಕದಿಂದ ಬೆರಳು ಆಡಿಸುತ್ತ ಮುಂದಕ್ಕೆ ತಂದರು. ಬಲಗಡೆ ಸ್ವಲ್ಪ ತಡವಾಗಿ “ಹ್ಞಾಂ” ಎಂದ. ಎಡಗಡೆ ಬೆರಳು ಕಿವಿ ದಾಟಿತು, ಕೆನ್ನೆ ದಾಟಿತು, ಇನ್ನೇನು ಮೂಗಿನ ಎದುರಿಗೇ ಬರುತ್ತಿತ್ತು. ಅವನು ಸುಮ್ಮನೆ ಕೂತಿದ್ದ, ಇನ್ನೂ ಬೆರಳು ಬರಲಿದೆ ಎಂದು ಕಾಯುತ್ತ. ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ನನಗೆ ಕೂಗಿಬಿಡಬೇಕು ಅನ್ನಿಸಿತು.

ಆ ಕಾಯಿಲೆಯ ಹೆಸರು ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ, ನೋಟದ ನರ ಮೆಲ್ಲಗೆ ಸಾಯುತ್ತದಂತೆ. ನೋವಿಲ್ಲ, ಕೆಂಪಿಲ್ಲ. ಹೆಚ್ಚಿನವರಿಗೆ ಅಂಚಿನಿಂದಲೇ ಕತ್ತಲು ಕಟ್ಟುತ್ತ ಬರುತ್ತದೆ. ನಡುವಿನ ನೋಟ ಕೊನೆಯವರೆಗೂ ಉಳಿಯುವುದರಿಂದ ಗೊತ್ತಾಗುವುದೇ ಇಲ್ಲ. ಎಡಗಣ್ಣು ಹೆಚ್ಚುಕಡಿಮೆ ಹೋಗಿತ್ತು, ಬಲಗಣ್ಣು ಅರ್ಧ.

“ಎಷ್ಟು ದಿನದಿಂದ ಕಣ್ಣು ಮಬ್ಬು?” ಎಂದು ವೈದ್ಯರು ಕೇಳಿದರು.

“ಕಣ್ಣು ಮಬ್ಬಲ್ರೀ ಸರ್, ಲೈಟ್ ಕಮ್ಮಿ,” ಎಂದ ಗಾದಿಲಿಂಗಪ್ಪ.

ಮೂರು ವರ್ಷದಿಂದ ಎಂದು ನಾನು ಹೇಳಿದೆ. ವೈದ್ಯರು ಪೆನ್ನು ಕೆಳಗಿಟ್ಟು, “ಆಗಲೇ ಬಂದಿದ್ದರೆ ದಿನಾ ಒಂದು ಹನಿ ಔಷಧಿಯಿಂದ ಬಹಳಷ್ಟು ಉಳಿಸಬಹುದಿತ್ತು. ಹೋದ ನೋಟ ಮಾತ್ರ ವಾಪಸ್ ಬರೋದಿಲ್ಲ,” ಎಂದರು. ಅವನು ಮೊದಲು ಬಂದದ್ದು ಕಣ್ಣಿನ ವೈದ್ಯರ ಬಳಿಗಲ್ಲ, ನನ್ನ ಬಳಿಗೆ. ನಾನು ಬಲ್ಬು ಹಾಕಿ ಕಳಿಸಿದ್ದೆ.

ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಕೂತೆವು. ನನಗೆ ಅಳು ತಡೆಯಲಾಗಲಿಲ್ಲ. ಅವನೇ ನನ್ನ ತೊಡೆ ತಟ್ಟಿ ಹೇಳಿದ: “ಅಳಬ್ಯಾಡ್ರಿ ಮೇಸ್ತ್ರಿ. ನನಗೂ ಒಳಗೊಳಗ ಅನುಮಾನ ಇತ್ತು. ಕಣ್ಣು ಅಂದ್ರ ಗಾಡಿ ಬಿಡಬೇಕಾಕ್ಕೈತಿ. ನೀವು ಲೈಟ್ ಅಂದ್ರಿ, ನಂಬಿದೆ. ನನಗ ಅದಾ ಬೇಕಾಗಿತ್ತು.”

ಔಷಧಿ ಹಾಕಿದರೂ ಬಲಗಣ್ಣು ನಾಲ್ಕೈದು ವರ್ಷದಲ್ಲಿ ಆರಿತು. ಅಲ್ಲಿಯವರೆಗೆ ರಿಪೇರಿ ಮಾಡಿಸಿ ಇಟ್ಟುಕೊಂಡಿದ್ದ ಅಂಬಾಸಿಡರ್ ಮಾರುವ ದಿನ ನನ್ನ ಅಂಗಡಿಗೇ ತರಿಸಿದ್ದ. ದೀಪ ಹಚ್ಚಿಸಿ, ಗಾಜಿನ ಮೇಲೆ ಅಂಗೈ ಇಟ್ಟು, ಬಿಸಿ ಮುಟ್ಟಿ ನೋಡಿ, “ಮಸ್ತ್ ಹತ್ಯಾವ,” ಎಂದು ತಿರುಗಿದ. ಹುಲಿಗೆಮ್ಮ ಕಮಲಾಪುರದ ಬಸ್ ಸ್ಟ್ಯಾಂಡಿನ ಬಳಿ ಇಡ್ಲಿ ಅಂಗಡಿ ಹಾಕಿದಳು. ಅವನು ವಾರಕ್ಕೊಮ್ಮೆ ಬಸ್ ಹತ್ತಿ ಬಂದು ನನ್ನ ಶೆಡ್ಡಿನಲ್ಲಿ ಕೂರುತ್ತಿದ್ದ. ಯಾವ ಗಾಡಿಗೆ ದೀಪ ಹಾಕಿದರೂ ಗಾಜು ಮುಟ್ಟಿ ನೋಡುವುದು ಅವನ ರೂಢಿಯಾಯಿತು.

ನಾನೂ ಒಂದು ರೂಢಿ ಮಾಡಿಕೊಂಡೆ. ‘ಲೈಟ್ ಕಮ್ಮಿ’ ಎಂದು ಬಂದವರನ್ನು ಮೊದಲು ನನ್ನ ಎದುರಿಗೆ ನಿಲ್ಲಿಸಿ, ಆ ವೈದ್ಯರ ಹಾಗೆ ಬೆರಳು ಆಡಿಸುತ್ತೇನೆ. ಜನ ನಗುತ್ತಾರೆ. ನಗಲಿ. ಇದು ವೈದ್ಯರ ಪರೀಕ್ಷೆಯ ಬದಲಿಗಲ್ಲ ಎಂದೂ ಹೇಳುತ್ತೇನೆ. ಇಬ್ಬರನ್ನು ಹೀಗೆ ವೈದ್ಯರ ಬಳಿಗೆ ಅಟ್ಟಿದ್ದೇನೆ. ಒಬ್ಬರು ಇನ್ನೂ ಹನಿ ಹಾಕಿಕೊಂಡು ಗಾಡಿ ಓಡಿಸುತ್ತಿದ್ದಾರೆ.

ಮುಂದೆ ಎಲ್‌ಇಡಿ ಬಲ್ಬುಗಳ ಕಾಲ ಬಂತು. ಒಬ್ಬರು ‘ಲೈಟ್ ಕಮ್ಮಿ’ ಎಂದು ಹಳೆಯ ಕಾರು ತಂದು ಹೆಡ್‌ಲೈಟು, ಫಾಗ್ ಲೈಟು ಎರಡಕ್ಕೂ ಎಲ್‌ಇಡಿ ಹಾಕಿಸಿದರು. ಹೊಸ ಸಾಮಾನಿನ ಹುರುಪಿನಲ್ಲಿ ನಾನು ಸರಸರ ಕೂರಿಸಿ ಸ್ವಿಚ್ಚು ಒತ್ತಿದೆ. ಗೋಡೆ ಹಾಲಿನಂತೆ ಬೆಳಗಿತು. ಗಾದಿಲಿಂಗಪ್ಪ ತಡವರಿಸುತ್ತ ಬಂದು ಅಂಗೈ ಇಟ್ಟ.

“ಹತ್ತಿಲ್ಲಲ್ರೀ ಮೇಸ್ತ್ರಿ. ತಣ್ಣಗೈತಿ.”

ಎಲ್‌ಇಡಿಯ ಬಿಸಿ ಗಾಜಿಗೆ ಅಷ್ಟಾಗಿ ಬರುವುದಿಲ್ಲ, ಬಲ್ಬಿನ ಬೆನ್ನಿಗೆ ಹೋಗುತ್ತದೆ ಎಂದು ವಿವರಿಸಿದೆ. ಅವನ ಕೈ ಗಾಜಿನ ಮೇಲೆಯೇ ಇತ್ತು. “ಹಂಗಾದ್ರ ಇನ್ನ ನನಗ ಹೆಂಗ ಗೊತ್ತಾಗ್ಬೇಕು?” ಎಂದ ಮೆಲ್ಲಗೆ. ನಾನು ಬಾನೆಟ್ ಎತ್ತಿ, ಅವನ ಬೆರಳು ಹಿಡಿದು, ಬಲ್ಬಿನ ಹಿಂದಿನ ಅಲ್ಯೂಮಿನಿಯಮ್ಮಿಗೆ ಮುಟ್ಟಿಸಿದೆ.

“ಹ್ಞೂ. ಹತ್ತೈತಿ,” ಎಂದ. ಆಮೇಲೆ, “ಗಾಡಿಯವ್ರ ಕಣ್ಣು ನೋಡಿದ್ರೇನು ಮೊದಲ?”

ಆ ದಿನ ಅದನ್ನೇ ಮರೆತಿದ್ದೆ. ಸ್ವಿಚ್ಚು ಆರಿಸಿ, ಮಾಲೀಕರನ್ನು ಕರೆದು, ನನ್ನ ಮೂಗನ್ನೇ ನೋಡುತ್ತಿರಿ ಎಂದೆ.