ರೇಡಿಯೋ ಟೈರಿನ ತಾಯಣ್ಣ

ಮಾನ್ವಿಯಲ್ಲಿ ಆಗ ಕಾರು ಇಟ್ಟವರು ಬೆರಳೆಣಿಕೆಯ ಮಂದಿ. ಜನ ಆ ಕಾರುಗಳನ್ನು ಮಾಲೀಕರ ಹೆಸರಿನಿಂದಲೇ ಗುರುತಿಸುತ್ತಿದ್ದರು. ನಮ್ಮ ಬಿಳಿ ಫಿಯಟ್ಟನ್ನು ಮಾತ್ರ ತಾಯಣ್ಣನ ಕಾರು ಎನ್ನುತ್ತಿದ್ದರು. ತಾಯಣ್ಣ ನಮ್ಮ ಡ್ರೈವರ್. ಅಕ್ಕಿ ಗಿರಣಿಯ ಯಜಮಾನರಾಗಿದ್ದ ನಮ್ಮಪ್ಪ ಶರಣಯ್ಯನವರಿಗೆ ಇದು ಒಳಗೊಳಗೇ ಉರಿ. "ಕಾಗದದಾಗ ನನ್ನ ಹೆಸರದ, ಮಂದಿ ಬಾಯಾಗ ಅವಂದದ" ಎಂದು ಗೊಣಗುತ್ತಿದ್ದರು. ಹಾಗಂತ ತಾಯಣ್ಣನಲ್ಲದೆ ಇನ್ನೊಬ್ಬರ ಕೈಗೆ ಕೀಲಿ ಕೊಟ್ಟವರೂ ಅಲ್ಲ.

ತಾಯಣ್ಣ ಸಣ್ಣ ಆಳು. ರಾಯಚೂರಿನ ಬೇಸಿಗೆಯಲ್ಲೂ ಖಾಕಿ ಅಂಗಿಯ ಕುತ್ತಿಗೆ ಗುಂಡಿ ಬಿಚ್ಚದವನು. ದಿನಾ ಬೆಳಿಗ್ಗೆ ಕಾರಿಗೆ ಒಂದು ಸುತ್ತು ಹಾಕಿ, ಸಂತೆಯಲ್ಲಿ ಕಲ್ಲಂಗಡಿ ಬಡಿದು ನೋಡುವವರ ಹಾಗೆ ಒಂದೊಂದು ಟೈರಿಗೂ ಅಂಗೈಯಿಂದ ಬಡಿದು ಕಿವಿಗೊಡುತ್ತಿದ್ದ. ಸದ್ದು ಟಣ್ ಎಂದು ಬರಬೇಕು. ಸ್ವಲ್ಪ ಮಂದವಾದರೂ ಡಿಕ್ಕಿಯಿಂದ ಕೈಪಂಪು ತೆಗೆದು ಒತ್ತಲು ಶುರು. ಗಟ್ಟಿ ಟೈರೆಂದರೆ ಅವನಿಗೆ ಪ್ರಾಣ. ನಾವು ಒಳಗೆ ಕೂತವರು ಪಕ್ಕದೂರು ಕುರ್ಡಿ ಮುಟ್ಟುವಷ್ಟರಲ್ಲಿ ತೆನೆ ಬಡಿದಂತೆ ಬಡಿಸಿಕೊಂಡಿರುತ್ತಿದ್ದೆವು ಎನ್ನುವುದು ಬೇರೆ ಮಾತು.

ಈ ಗಟ್ಟಿತನದ ಹುಚ್ಚಿಗೆ ಒಂದು ಕಾರಣವಿತ್ತು. ನಮ್ಮವ್ವ ಹಂಪಮ್ಮ ಅದನ್ನು ನನಗೆ ಒಮ್ಮೆ ಹೇಳಿದ್ದಳು. ಡ್ರೈವರ್ ಆಗುವ ಮೊದಲು ತಾಯಣ್ಣ ನಮ್ಮ ಗಿರಣಿಯಲ್ಲೇ ಹಮಾಲಿ. ಗಿರಣಿಯಲ್ಲಿ ಅಕ್ಕಿ ಚೀಲ ಬಿಗಿಯಾಗಿ ನಿಲ್ಲಬೇಕು. ಸಡಿಲ ಕಂಡರೆ ಯಾರೋ ಕೈ ಹಾಕಿದ್ದಾರೆ ಎಂದೇ ಅರ್ಥ. ಒಂದು ದಿನ ತಾಯಣ್ಣ ಹೊತ್ತು ತಂದು ಇಳಿಸಿದ ಚೀಲ ಸಡಿಲವಾಗಿತ್ತು. ನಮ್ಮಜ್ಜ ಅವನನ್ನು ಅಂಗಳದ ನಡುವೆ ನಿಲ್ಲಿಸಿ, ಎಲ್ಲರ ಎದುರಿಗೆ ರುಮಾಲು ಬಿಚ್ಚಿಸಿ, ಧೋತರದ ಒಂದೊಂದು ಮಡಿಕೆಯನ್ನೂ ಜಾಡಿಸಿದನಂತೆ. ಏನೂ ಸಿಗಲಿಲ್ಲ. ಹೊಸದಾಗಿ ಮದುವೆಯಾಗಿ ಬಂದಿದ್ದ ನಮ್ಮವ್ವ ಬಾಗಿಲ ಸಂದಿಯಿಂದ ನೋಡುತ್ತಿದ್ದವಳು, ಸೊಸೆಯೆಂಬುದನ್ನೂ ಮರೆತು ಹೊರಗೆ ಬಂದು, ಚೀಲದ ತಳದಲ್ಲಿ ಇಲಿ ಕಡಿದ ತೂತನ್ನು ತೋರಿಸಿದಳು. ಅಜ್ಜ ಗಂಟಲು ಸರಿಮಾಡಿಕೊಂಡು ಒಳಗೆ ಹೋದನೇ ಹೊರತು ಒಂದು ಮಾತು ಆಡಲಿಲ್ಲ. ಆಮೇಲೆ ಅವ್ವನೇ ಅಪ್ಪನ ಬೆನ್ನು ಹತ್ತಿ ತಾಯಣ್ಣನನ್ನು ಡ್ರೈವಿಂಗ್ ಕಲಿಯಲು ಕಳಿಸಿದ್ದು. ಊರಿನಲ್ಲಿ ಯಾರೂ ಅವನನ್ನು ದೂರ ಕೂಡು ಎನ್ನಲಾರದ ಜಾಗವೆಂದರೆ ಆ ಸ್ಟೀರಿಂಗಿನ ಹಿಂದಿನ ಸೀಟೊಂದೇ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಕೂಡುತ್ತಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನು ಅವ್ವನ ಕಥೆ. ಅವಳ ತವರು ದೇವದುರ್ಗ ತಾಲೂಕಿನ ಮಸರಕಲ್. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ಮೊದಲೆಲ್ಲ ಸೋದರಮಾವ ಪರಮಣ್ಣ ಬಂಡಿ ಕಟ್ಟಿಕೊಂಡು ಬಂದು ಅಕ್ಕನನ್ನು ಕರೆದೊಯ್ಯುತ್ತಿದ್ದ. ಕಾರು ಬಂದ ವರ್ಷವೂ ಬಂದ. ಅಪ್ಪ ಬಂಡಿಯನ್ನು ಬರಿದೇ ತಿರುಗಿಸಿದರು. ಕಾರಿದ್ದ ಮನೆಯ ಹೆಣ್ಣುಮಗಳು ಬಂಡಿಯಲ್ಲಿ ಹೋದರೆ ಮಂದಿ ಏನಂದಾರು ಎನ್ನುವುದು ಅವರ ವಾದ. ಬಸ್ಸಂತೂ ಬಾಯಲ್ಲಿ ಎತ್ತುವಂತೆಯೇ ಇಲ್ಲ. ಸರಿ, ಕಾರಿನಲ್ಲಿ ಹೊರಟರೆ ಶ್ರಾವಣದ ಮಳೆ, ಕಪ್ಪು ಎರೆಮಣ್ಣು. ಆ ಮಣ್ಣು ಚಕ್ರಕ್ಕೆ ಹತ್ತುತ್ತಾ ಹತ್ತುತ್ತಾ ಮಡ್‌ಗಾರ್ಡಿನೊಳಗೆ ತುಂಬಿ, ಕೊನೆಗೆ ಚಕ್ರವೇ ತಿರುಗದು. ರಾಯಚೂರು ಸುತ್ತಿ ಡಾಂಬರು ರಸ್ತೆಯಲ್ಲಿ ಹೋದರೂ ಕೊನೆಯ ತುಂಡು ಅದೇ ಮಣ್ಣೇ. ಹೀಗೆ ಪ್ರತಿ ವರ್ಷ ಅರ್ಧ ದಾರಿಯಲ್ಲಿ ಯಾರದೋ ಎತ್ತು ಕಟ್ಟಿ ಎಳೆಸಿಕೊಂಡು ಮನೆಗೆ ವಾಪಸು. ಮನೆಗೆ ಕಾರು ಬಂತು, ಅವ್ವನಿಗೆ ತವರು ತಪ್ಪಿತು. ಇದರ ಮೇಲೆ ನನಗಿದ್ದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಎಂಬತ್ತನಾಲ್ಕರ ಜೂನ್ ತಿಂಗಳು. ನಾನು ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದೆ. ತಾಯಣ್ಣ ನನ್ನನ್ನು ಹಾಸ್ಟೆಲಿಗೆ ಬಿಡಲು ಬಂದವನು ಸ್ಟೇಷನ್ ರಸ್ತೆಯ ಸೈಫುದ್ದೀನನ ಟೈರ್ ಅಂಗಡಿಗೆ ಕಾರು ತಿರುಗಿಸಿದ. ಹಳೆಯ ಟೈರು ನುಣ್ಣಗಾಗಿದ್ದವು. ಸೈಫುದ್ದೀನ್ ಒಳಗಿನಿಂದ ಹೊಸ ಟೈರೊಂದನ್ನು ಉರುಳಿಸಿಕೊಂಡು ಬಂದ. ಅವನ ಮುಖದಲ್ಲಿ ಮಗಳಿಗೆ ಗಂಡು ಗೊತ್ತುಮಾಡಿದವನ ಕಳೆ.

"ತಾಯಣ್ಣ ಭಾಯ್, ಇದು ರೇಡಿಯಲ್. ಮೂರೂ ಕಾಲಕ್ಕ ಇದೊಂದ ಟೈರ್. ಬ್ಯಾಸಗಿ, ಮಳಿ, ಛಳಿ, ಏನರ ಬರ್ಲಿ."

"ಎರ್ಯಾಗ ನಡೀತದೇನು?"

"ಗಾಳಿ ನಾ ಹೇಳಿದಷ್ಟ ಇಟ್ರ ನಡೀತದ. ನೋಡು, ಇದರ ಹೊಟ್ಟಿ ಸ್ವಲ್ಪ ಹೊರಗ ಬರ್ತದ. ಅದು ಇದರ ಗುಣ. ಹೊಟ್ಟಿ ಬಂತಂತ ಗಾಳಿ ಹೊಡಿಯಾಕ ಹೋಗಬ್ಯಾಡ, ಕೆಡ್ತದ."

ತಾಯಣ್ಣ ತಲೆಯಾಡಿಸಿದ. ನಾಲ್ಕೂ ಟೈರು ಹಾಕಿಸಿಕೊಂಡು ಊರ ಹೊರಗೆ ಒಂದು ಸುತ್ತು ಬಂದೆವು. ಅಬ್ಬಾ, ಆ ಕಾರು ನಮ್ಮದೇ ಎಂದು ನಂಬಲಾಗಲಿಲ್ಲ. ಗುಂಡಿಗಳು ಎಲ್ಲಿ ಹೋದವು ಎಂದು ಕಿಟಕಿಯಿಂದ ಬಗ್ಗಿ ನೋಡಿದೆ. ತಾಯಣ್ಣನ ಮುಖ ಅರಳಿತ್ತು. ಅನ್ನಪೂರ್ಣಾ ಎಂಬ ನನ್ನ ಹೆಸರು ಅವನ ಬಾಯಲ್ಲಿ ಅನ್ನಕ್ಕ. "ಅನ್ನಕ್ಕಾ, ಈ ಸಲ ಅವ್ವಾರು ಪಂಚಮಿಗೆ ಮಸರಕಲ್ಲಾಗ" ಎಂದ. ಆ ಒಂದು ಮಾತಿಗೆ ನನಗೆ ಮೈ ಜುಮ್ಮೆಂದಿತು.

ಮಾನ್ವಿಯಲ್ಲಿ ಆದದ್ದೇ ಬೇರೆ. ರೇಡಿಯಲ್ ಎನ್ನುವುದು ಬಸ್ ಸ್ಟ್ಯಾಂಡಿನ ಚಹಾ ಅಂಗಡಿ ತಲುಪುವಷ್ಟರಲ್ಲಿ ರೇಡಿಯೋ ಆಗಿತ್ತು. ತಾಯಣ್ಣನ ಕಾರಿಗೆ ರೇಡಿಯೋ ಟೈರು ಬಂದಿದೆ ಎಂದು ಮಂದಿ ನೋಡಲು ಬಂದರು. ಟ್ರಕ್ ಡ್ರೈವರ್ ಮೀರಾಹುಸೇನ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಟೈರಿಗೆ ಕಿವಿ ಹಚ್ಚಿ, "ಹಾಡು ಬರವಲ್ದಲ್ಲೋ ತಾಯಣ್ಣ, ಬರೇ ಹೊಟ್ಟಿ ಬಂದದ" ಎಂದ. ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಇನ್ನೊಬ್ಬ ದೂರದಿಂದ, "ಧಣಿ ಟೈರಿನ ಗಾಳಿನೂ ಕದ್ಯೇನೋ?" ಎಂದು ಕೂಗಿದ.

ಅವನು ತಮಾಷೆಗೆ ಅಂದ ಮಾತು. ತಾಯಣ್ಣನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಮರುದಿನ ಬೆಳಿಗ್ಗೆ ಡಿಕ್ಕಿಯಿಂದ ಕೈಪಂಪು ಹೊರಗೆ ಬಂತು. ಟೈರಿನ ಹೊಟ್ಟೆ ಕರಗುವವರೆಗೆ ಒತ್ತಿದ. ಅದರ ಮರುದಿನವೂ ಒತ್ತಿದ. ಟೈರು ಟಣ್ ಎನ್ನತೊಡಗಿದವು, ಮೀರಾಹುಸೇನನ ಬಾಯಿ ಮುಚ್ಚಿತು. ಈ ಗುಟ್ಟು ನಮಗ್ಯಾರಿಗೂ ಗೊತ್ತಿರಲಿಲ್ಲ.

ಪಂಚಮಿಗೆ ನಾನು ಊರಿಗೆ ಬಂದೆ. ಅವ್ವ ಹಸಿರು ಇಳಕಲ್ ಸೀರೆ ಉಟ್ಟು, ಸೂರ್ಯ ಮೂಡುವ ಮೊದಲೇ ಪಡಸಾಲೆಯಲ್ಲಿ ತಯಾರು. ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಇದು ಕಡೀ ಸಲ. ಈ ಸಲನೂ ನಡುದಾರ್ಯಾಗ ಕೂತ್ರ, ಪಂಚಮಿ ತವರು ಅನ್ನೋ ಮಾತು ಮುಂದ ಈ ಮನ್ಯಾಗ ಎತ್ತಬ್ಯಾಡ್ರಿ" ಎಂದರು. ಎರೆಮಣ್ಣಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುವ ಮನುಷ್ಯ ನಮ್ಮಪ್ಪ, ಅಂದ ಮೇಲೆ ಅಂದಂತೆಯೇ. ಅವ್ವ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಬಿಗಿದು ಕಾರು ಹತ್ತಿದಳು. ನಾನು ಮುಂದಿನ ಸೀಟಿನಲ್ಲಿ.

ಕುರ್ಡಿಯವರೆಗೆ ಹಾರಿಕೊಂಡು ಹೋದೆವು. ಹಿಂದಿನ ದಿನದ ಮಳೆಗೆ ಹೊಲಗಳೆಲ್ಲ ಕಪ್ಪಗೆ ಮಿಂಚುತ್ತಿದ್ದವು. ಕುರ್ಡಿ ದಾಟಿ ಎರೆ ದಾರಿಗೆ ಇಳಿದದ್ದೇ ತಡ, ಕಾರಿನ ಹಿಂಭಾಗ ಒಂದು ಕಡೆ ಜಾರಿತು. ತಾಯಣ್ಣ ಸ್ಟೀರಿಂಗ್ ತಿರುವಿದ, ಅದು ಇನ್ನೊಂದು ಕಡೆ ಜಾರಿತು. ಅವ್ವ ಸೀಟಿನ ಬೆನ್ನನ್ನು ಅಪ್ಪಿಕೊಂಡಳು. ನಾನು ಯಾವ ದೇವರ ಹೆಸರು ಹೇಳಿದೆನೋ ನೆನಪಿಲ್ಲ. ಕಾರು ಎಣ್ಣೆ ಬಿದ್ದ ನೆಲದ ಮೇಲೆ ಕಾಲಿಟ್ಟವರ ಹಾಗೆ ತೇಲಾಡಿ, ಬದುವಿಗೆ ಮಗ್ಗುಲು ತಾಗಿಸಿ ನಿಂತಿತು. ಹಿಂದಿನ ಚಕ್ರ ಬರ್ ಬರ್ ಎಂದು ಸುತ್ತಿ ಮಣ್ಣು ತೋಡಿತೇ ಹೊರತು ಕಾರು ಅಲುಗಲಿಲ್ಲ.

ತಾಯಣ್ಣ ಇಳಿದು ಚಕ್ರದ ಪಕ್ಕ ನಿಂತ. ನನಗೆ ಸಿಟ್ಟು ನೆತ್ತಿಗೇರಿತು. "ಮೂರೂ ಕಾಲದ ಟೈರಂತ, ಮೂರೂ ಕಾಲದ್ದು. ಆ ಸೈಫುದ್ದೀನನ್ನ ಇಲ್ಲೇ ತಂದು ಹೂಳಬೇಕು" ಎಂದೆ.

"ಅವಂದೇನ್ ತಪ್ಪಿಲ್ಲ ಅನ್ನಕ್ಕ" ಎಂದ ತಾಯಣ್ಣ ನೆಲ ನೋಡುತ್ತಾ.

ಅವ್ವ ಇಳಿದು ಟೈರನ್ನು ನೋಡಿದಳು. ನಂತರ ಅವನನ್ನು ನೋಡಿದಳು. "ಹೊಟ್ಟಿ ಇರ್ತದಂತ ಹೇಳಿದ್ನಂತಲ್ಲ, ಅನ್ನಪೂರ್ಣಾ ಹೇಳಿದ್ಲು. ಇದಕ್ಕ ಹೊಟ್ಟಿನ ಇಲ್ಲಲ್ಲೋ ತಾಯಣ್ಣ."

"ನಾನ ಗಾಳಿ ಹೊಡದೀನಿ ಯವ್ವಾ. ದಿನಾ ಹೊಡದೀನಿ. ಸಡ್ಲ ಕಂಡ್ರ ನನಗ ತಡಿಯಾಕ ಆಗಂಗಿಲ್ಲ."

ನಾನು ಬಾಯಿ ತೆರೆದೆ. ಅವ್ವ ಕಣ್ಣಿನಲ್ಲೇ ನನ್ನನ್ನು ಸುಮ್ಮನಾಗಿಸಿದಳು. ಅವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು.

"ಆ ಚೀಲ ಇನ್ನೂ ಹೊತ್ಕೊಂಡು ತಿರಗಾಕತ್ತೀಯೇನು ತಾಯಣ್ಣ? ಅವತ್ತ ಇಳಿಸಿದ್ದಿಯಲ್ಲ."

ತಾಯಣ್ಣನ ಕೈ ಕೊರಳಿಗೆ ಹೋಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಅವನು ಕುತ್ತಿಗೆಯ ಗುಂಡಿ ಬಿಚ್ಚಿದ್ದನ್ನು ನಾನು ನೋಡಿದೆ. ಅವ್ವನ ಮುಂದೆ ಕೈ ಚಾಚಿ, "ಹೇರ್‌ಪಿನ್ ಇದ್ರ ಕೊಡ್ರಿ" ಎಂದ.

ಅವ್ವ ತುರುಬಿನಿಂದ ಪಿನ್ನು ಕಿತ್ತು ಕೊಟ್ಟಳು. ತಾಯಣ್ಣ ಕೆಸರಿನಲ್ಲಿ ಮೊಣಕಾಲೂರಿ ಮೊದಲನೆಯ ಟೈರಿನ ವಾಲ್ವಿಗೆ ಅದನ್ನು ಒತ್ತಿದ. ಸುಯ್ ಎಂದು ಗಾಳಿ ಹೊರಟಿತು. ಟೈರು ಮೆಲ್ಲಗೆ ಅಗಲವಾಗಿ, ನೆಲದ ಮೇಲೆ ಹರಡಿ ಕೂತಿತು. ಅವನು ಮುಖ ಆಚೆ ತಿರುಗಿಸಿಕೊಂಡೇ ಕೆಲಸ ಮಾಡಿದ. ನಾಲ್ಕೂ ಟೈರಿನ ಗಾಳಿ ಬಿಟ್ಟ, ಸೈಫುದ್ದೀನ್ ಹೇಳಿದ್ದಕ್ಕಿಂತಲೂ ಕಡಿಮೆಯಾಗುವಷ್ಟು ಬಿಟ್ಟ. ಅಷ್ಟರಲ್ಲಿ ನಾನೂ ಅವ್ವನೂ ಬದುವಿನ ಮೇಲೆ ಒಟ್ಟಿದ್ದ ತೊಗರಿ ಕಟ್ಟಿಗೆ ತಂದು ಹಿಂದಿನ ಚಕ್ರದ ಮುಂದೆ ಹಾಸಿದೆವು. ಸಾವ್ಕಾರರ ಹೆಂಡತಿ ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಕೋಲಿನಿಂದ ಮಡ್‌ಗಾರ್ಡಿನ ಮಣ್ಣು ಕೆರೆಯುತ್ತಿದ್ದಳು. ಅಪ್ಪ ನೋಡಬೇಕಿತ್ತು.

"ಹತ್ರಿ. ಇನ್ನ ಮಸರಕಲ್ ತನಾ ನಿಲ್ಸಂಗಿಲ್ಲ" ಎಂದ ತಾಯಣ್ಣ.

ಕಾರು ಕಟ್ಟಿಗೆಯ ಮೇಲೆ ಲಟಲಟ ಎನ್ನುತ್ತಾ ಎದ್ದಿತು. ಎದ್ದದ್ದು ನೆಲ ಹಿಡಿದುಕೊಂಡಿತು. ಜಾರಲಿಲ್ಲ. ಅವನು ಹೆಚ್ಚು ಒತ್ತಲಿಲ್ಲ, ಬಿಡಲೂ ಇಲ್ಲ, ಒಂದೇ ಹದದಲ್ಲಿ ನಡೆಸಿದ. ಬಂಡಿ ಜಾಡಿನಲ್ಲಿ ನೀರು ಎರಡೂ ಕಡೆ ರೆಕ್ಕೆಯಂತೆ ಏಳುತ್ತಿತ್ತು. ಎದುರಿಗೆ ಹಳ್ಳ ಬಂತು. ನೀರು ರಾಡಿಯಾಗಿ ಓಡುತ್ತಿತ್ತು. "ನಿಲ್ಸು" ಎನ್ನಲು ನನ್ನ ನಾಲಿಗೆ ಹೊರಳಿತು, ಅಷ್ಟರಲ್ಲಿ ಹಿಂದಿನಿಂದ ಅವ್ವ, "ಹೋಗು ತಾಯಣ್ಣ, ಹೋಗು" ಎಂದಳು. ಅವಳ ಧ್ವನಿ ಸಣ್ಣ ಹುಡುಗಿಯ ಧ್ವನಿಯಾಗಿತ್ತು. ಕಾರು ಇಳಿಯಿತು, ಗುಡುಗುಡು ಎಂದಿತು, ಎಂಜಿನ್ ಕೆಮ್ಮಿತು. ಆಚೆ ದಡಕ್ಕೆ ಮುಂದಿನ ಚಕ್ರ ಕಚ್ಚಿಕೊಂಡಿತು. ನಾವು ಮೂವರೂ ಏನೇನೋ ಕೂಗುತ್ತಾ ದಡ ಹತ್ತಿದೆವು. ಅವತ್ತಿನ ಆ ಸಂತೋಷವನ್ನು ನಾನು ಆಮೇಲೆ ಯಾವ ವಾಹನದಲ್ಲೂ ಕಂಡಿಲ್ಲ, ವಿಮಾನದಲ್ಲೂ ಇಲ್ಲ.

ಮಸರಕಲ್ಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಕಾರು ಬಂದದ್ದು ಕಂಡು ಜೋಕಾಲಿಯ ಮೇಲಿದ್ದ ಹೆಂಗಸರು ಹಾಡು ನಿಲ್ಲಿಸಿ ನೋಡಿದರು. ಪರಮಣ್ಣಮಾವ ಓಡಿ ಬಂದವನು ಮೊದಲು ಅಕ್ಕನ ಕಾಲಿನ ಕೆಸರು ನೋಡಿದ, ಆಮೇಲೆ ಟೈರು ನೋಡಿದ. "ಗಾಳಿ ಹೋಗ್ಯಾದಲ್ಲೋ ತಾಯಣ್ಣ" ಎಂದ. "ಅದಕ್ಕ ಬಂದೀವ್ರಿ" ಎಂದ ತಾಯಣ್ಣ. ಅವ್ವ ಮುಖ ತೊಳೆಯಲೂ ಒಳಗೆ ಹೋಗಲಿಲ್ಲ. ನೇರ ಜೋಕಾಲಿ ಹತ್ತಿದಳು. ಅವಳ ಸಡಿಲಾದ ತುರುಬು ಮೊದಲನೆಯ ಜೀಕಿಗೇ ಬಿಚ್ಚಿಕೊಂಡಿತು, ಅವಳು ಅದನ್ನು ಕಟ್ಟುವ ಗೋಜಿಗೂ ಹೋಗಲಿಲ್ಲ.

ಹಬ್ಬ ಮುಗಿಸಿ, ಮಣ್ಣು ಒಣಗಿದ ಮೇಲೆ ಹೊರಟೆವು. ತಾಯಣ್ಣ ಕೈಪಂಪು ತೆಗೆದು ಸೈಫುದ್ದೀನ್ ಹೇಳಿದಷ್ಟೇ ಗಾಳಿ ತುಂಬಿದ, ಒಂದು ಒತ್ತೂ ಹೆಚ್ಚಿಲ್ಲ. ನಾಲ್ಕೂ ಟೈರಿನ ಹೊಟ್ಟೆ ಕಾಣುತ್ತಿತ್ತು. ಹಾಗೆಯೇ ಮಾನ್ವಿಯ ಬಸ್ ಸ್ಟ್ಯಾಂಡಿನ ಮುಂದೆ, ಚಹಾ ಅಂಗಡಿಯವರೆಲ್ಲ ನೋಡುವಂತೆ ನಿಧಾನವಾಗಿ ಹಾದು ಬಂದ.

ಅಪ್ಪ ಗಿರಣಿಯ ಅಂಗಳದಲ್ಲಿ ನಿಂತಿದ್ದರು. ಅಜ್ಜ ತಾಯಣ್ಣನನ್ನು ನಿಲ್ಲಿಸಿದ್ದ ಅದೇ ಅಂಗಳ. ಆ ದಿನ ಅಪ್ಪ ಅಜ್ಜನ ಪಕ್ಕದಲ್ಲೇ ಇದ್ದರೆಂದು ಅವ್ವ ಹೇಳಿದ್ದಳು. ಈಗ ಅಪ್ಪ ಕಾರನ್ನು ಒಂದು ಸುತ್ತು ಬಂದು, ಹಿಂದಿನ ಟೈರನ್ನು ಚಪ್ಪಲಿಯ ತುದಿಯಿಂದ ಒತ್ತಿ ನೋಡಿ, "ಗಾಳಿ ಎಲ್ಲಿ ಹೋತೋ ತಾಯಣ್ಣ? ಇಷ್ಟು ಸಡ್ಲ ಅದ?" ಎಂದರು.

ಹಮಾಲರು ಚೀಲ ಇಳಿಸಿ ಇತ್ತ ನೋಡಿದರು. ತಾಯಣ್ಣ ಅಪ್ಪನ ಮುಖವನ್ನೇ ನೋಡುತ್ತಾ ಹೇಳಿದ.

"ಸಡ್ಲ ಇರೋದ ಇದರ ಗುಣರಿ ಧಣಿ. ಯಾರೂ ಕದ್ದಿಲ್ಲ."

ಅಪ್ಪನ ಕಾಲು ಟೈರಿನಿಂದ ಹಿಂದೆ ಸರಿಯಿತು. ಅವರು ಅವ್ವನ ಕಡೆ ನೋಡಿದರು. ಅವಳು ಉಂಡಿಯ ಡಬ್ಬಿ ಹಿಡಿದು ನೆಟ್ಟಗೆ ನಿಂತಿದ್ದಳು, ಸಹಾಯಕ್ಕೆ ಬರಲಿಲ್ಲ. ಅಪ್ಪ ಅಜ್ಜನ ಹಾಗೆಯೇ ಗಂಟಲು ಸರಿಮಾಡಿಕೊಂಡರು, ಆದರೆ ಒಳಗೆ ಹೋಗಲಿಲ್ಲ.

"ಹಂಗಾದ್ರ" ಎಂದರು, "ಮುಂದಿನ ಪಂಚಮಿಗೂ ಗಾಳಿ ಇಷ್ಟ ಇರ್ಲಿ ಬಿಡು."