ದಿಂಬಿನ ಕವರಿನಲ್ಲಿ ಹೋದ ಪುಸ್ತಕ

ಇಸ್ತ್ರಿ ಅಕ್ಕ ಪುಸ್ತಕ ಬರೆದಿದ್ದಾಳೆ ಎಂದರೆ ಬೀದಿಯವರು ನಗಲಿಲ್ಲ, ನಂಬಲೇ ಇಲ್ಲ. ಇಪ್ಪತ್ತೆರಡು ವರ್ಷ ಊರಿನವರ ಕಾಲರು, ತೋಳುಗಳನ್ನು ತಿದ್ದಿದವಳು, ಬಟ್ಟೆಯ ಯಾವ ಕಲೆಗೆ ತಣ್ಣೀರು, ಯಾವುದಕ್ಕೆ ಉಪ್ಪು ಎಂದು ಬರೆದಿಟ್ಟುಕೊಂಡದ್ದನ್ನು ಸ್ವಂತ ಉಳಿತಾಯದಲ್ಲಿ ಅಚ್ಚು ಹಾಕಿಸಿದ್ದಳು. ನೂರಿಪ್ಪತ್ತು ಪ್ರತಿಗಳು ಮಂಚದ ಕೆಳಗಿದ್ದವು.

ಪುಸ್ತಕದಂಗಡಿಯವನು ತಿರುವಿ ನೋಡಿ, "ಇದನ್ನ ಯಾವ ಕಪಾಟಲ್ಲಿ ಇಡೋದು ತಾಯಿ?" ಎಂದು ವಾಪಸು ಕೊಟ್ಟ.

"ಒಂದು ತಿಂಗಳು ನೋಡ್ತೀನಿ, ಆಮೇಲೆ ರದ್ದಿಯವನಿಗೆ," ಎಂದ ಗಂಡ. "ಒಗೆಯೋದನ್ನೂ ಯಾರಾದ್ರೂ ಬರೀತಾರೇನೇ?"

"ನೀವೂ ಒಗೆದಿದ್ರೆ ಬರೆಯೋಕೆ ಏನಾದ್ರೂ ಇರ್ತಿತ್ತು."

ಅವಳ ಹತ್ತಿರ ಅಂಗಡಿ ಇರಲಿಲ್ಲ, ಇಸ್ತ್ರಿಯಾಗಿ ಮನೆಮನೆಗೆ ಹೋಗುವ ಬಟ್ಟೆಗಂಟುಗಳಿದ್ದವು. ಗಂಟಿಗೊಂದು ಪುಸ್ತಕ, ಜೊತೆಗೊಂದು ಚೀಟಿ: 'ಬೇಕಾದರೆ ದುಡ್ಡು ಕಳಿಸಿ, ಬೇಡವಾದರೆ ಪುಸ್ತಕ ಕಳಿಸಿ.' ಮೊದಲ ವಾರ ಶರ್ಟುಗಳ ನಡುವೆ ಇಟ್ಟು ಕೆಟ್ಟಳು. ಗಂಡಸರು ಶರ್ಟು ಎಳೆದುಕೊಂಡರು, ಪುಸ್ತಕ ಕುಂಟುವ ಮೇಜಿನ ಕಾಲಿಗೆ ಹೋಯಿತು. ಎರಡನೆಯ ವಾರ ದಿಂಬಿನ ಕವರಿನೊಳಗೆ ಇಟ್ಟಳು. ದಿಂಬಿಗೆ ಕವರು ಹಾಕುವ ಗಂಡಸನ್ನು ಅವಳು ಆ ಬೀದಿಯಲ್ಲಿ ಕಂಡಿರಲಿಲ್ಲ. ಅದೇ ಕವರುಗಳಲ್ಲಿ ದುಡ್ಡು ಬರತೊಡಗಿತು.

ತಿಂಗಳ ಕೊನೆಗೆ ಹದಿನಾಲ್ಕು ಉಳಿದವು. ರದ್ದಿಯವನು ಬಾಗಿಲಲ್ಲಿ ನಿಂತಿದ್ದ. ಆಗಲೇ ಮೂಲೆಮನೆ ಟೀಚರಮ್ಮನ ಗಂಟು ಬಂತು. ಒಳಗೆ ಪುಸ್ತಕ.

"ನೋಡು, ವಾಪಸು ಬರೋಕೂ ಶುರುವಾಯ್ತು," ಎಂದ ಗಂಡ.

ಅವಳು ಬಿಡಿಸಿದಳು. ಅಂಚುಗಳ ತುಂಬ ಟೀಚರಮ್ಮನ ಪೆನ್ಸಿಲ್ ಬರಹ: 'ಸೂಜಿ ಚುಚ್ಚಿದ ರಕ್ತಕ್ಕೆ ಉಪ್ಪು ಬೇಡ, ಚುಚ್ಚಿಸಿಕೊಂಡವಳ ಉಗುಳೇ ಸಾಕು.' ಕೆಳಗೆ ನೀಲಿ ಶಾಯಿಯಲ್ಲಿ ಟೀಚರಮ್ಮನ ಅತ್ತೆ: 'ನನ್ನ ಸೊಸೆಗೆ ಏನೂ ಗೊತ್ತಿಲ್ಲ. ಮೊದಲು ತಣ್ಣೀರು.' ಅದರಡಿಗೆ ಸೊಟ್ಟ ಅಕ್ಷರಗಳಲ್ಲಿ ಆ ಮನೆಯ ಕೆಲಸದವಳು: 'ಇಬ್ಬರೂ ಹೇಳೋದು ತಪ್ಪು. ತೊಳೆಯೋಳು ನಾನು.' ಅವಳ ಉಪಾಯ ಎರಡು ಪುಟಗಳಿಗೆ ಹರಡಿತ್ತು.

ಕೊನೆಯಲ್ಲಿ ಚೀಟಿ: 'ಇದರಲ್ಲಿ ಇನ್ನು ಜಾಗವಿಲ್ಲ, ನೀವೇ ಓದಿ. ನಮ್ಮ ಮೂವರಿಗೆ ಹೊಸ ಮೂರು, ಶಾಲೆಯವರಿಗೆ ಹನ್ನೆರಡು ಕಳಿಸಿ.'

"ಒಂದು ಕಮ್ಮಿ ಬೀಳುತ್ತಲ್ಲೇ," ಎಂದ ಗಂಡ ಮೆಲ್ಲಗೆ, ರದ್ದಿಯವನಿಗೆ ಹೋಗೆಂದು ಕೈಮಾಡುತ್ತ.

ಅವಳಿಗೆ ಕೇಳಿಸಲಿಲ್ಲ. ಇಷ್ಟು ವರ್ಷ ಈ ಮನೆಗಳ ಬಟ್ಟೆಗಳನ್ನೆಲ್ಲ ಬಲ್ಲೆ ಎಂದುಕೊಂಡಿದ್ದಳು. ಅವನ್ನು ತೊಳೆದ ಕೈಗಳು ಮೊದಲ ಸಲ ಅವಳೊಂದಿಗೆ ಮಾತಾಡುತ್ತಿದ್ದವು. ಇಸ್ತ್ರಿಪೆಟ್ಟಿಗೆ ತಣ್ಣಗಾಗುವವರೆಗೂ ಅವಳು ನಿಂತೇ ಓದಿದಳು.